ಕರಡು ತಿದ್ದುವವರಿಗೆ 27 ಇಂಚಿನ ಫುಲ್ ಎಚ್‌ಡಿ ಬೇಡ

ನಮಸ್ಕಾರ. ಮನೆಯಲ್ಲೇ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೀರಿ, ಎರಡು ಮೂರು ವಾರಕ್ಕೊಮ್ಮೆ ಐವತ್ತು ಪುಟ ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆಯುತ್ತೀರಿ; 27 ಇಂಚಿನ ಫುಲ್ ಎಚ್‌ಡಿ ಮಾನಿಟರ್, ಜೊತೆಗೊಂದು ಇಂಕ್‌ಜೆಟ್ ಕೊಳ್ಳಲೇ ಎಂದು ಕೇಳಿದ್ದೀರಿ. ಎರಡೂ ಬೇಡ ಅನ್ನುತ್ತೇನೆ.

ಫುಲ್ ಎಚ್‌ಡಿ ಅಂದರೆ 1920×1080 ಚುಕ್ಕಿ. ಪರದೆ ಹಿಗ್ಗಿದರೂ ಚುಕ್ಕಿ ಅಷ್ಟೇ: 24 ಇಂಚಿನದರಲ್ಲಿ ಇಂಚಿಗೆ ಸುಮಾರು 92, 27ರಲ್ಲಿ ಸುಮಾರು 82. ಸಿನಿಮಾ ನೋಡಲು ಪರವಾಗಿಲ್ಲ. ಆದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ. ದ-ಧ ನಡುವೆ ಇರುವುದೇ ಒಂದು ಸೀಳು. ಅದು ಮಸುಕಾದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. 27 ಬೇಕೇಬೇಕೆಂದರೆ 2560×1440 ಇರುವುದನ್ನೇ ತಗೊಳ್ಳಿ, ಇಂಚಿಗೆ ಸುಮಾರು 109 ಸಿಗುತ್ತದೆ. ಎತ್ತರ ಹೊಂದಿಸುವ ಸ್ಟ್ಯಾಂಡ್ ಇರಲಿ, ದಿನವಿಡೀ ಓದುವವರ ಕುತ್ತಿಗೆಗೆ ಅದು ಮುಖ್ಯ.

ಪ್ರಿಂಟರ್ ಕಪ್ಪುಬಿಳುಪಿನ ಲೇಸರ್ ಆಗಲಿ. ಇಂಕ್‌ಜೆಟ್ ವಾರಗಟ್ಟಲೆ ಸುಮ್ಮನಿದ್ದರೆ ಶಾಯಿ ಚಿಮ್ಮುವ ಸಣ್ಣ ತೂತುಗಳಲ್ಲಿ (ನಾಝಲ್) ಅದು ಒಣಗಿ ಕಟ್ಟಿಕೊಳ್ಳಬಹುದು. ಲೇಸರಿನಲ್ಲಿ ಶಾಯಿಯ ಬದಲು ಇರುವ ಟೋನರ್ ಒಣಪುಡಿ, ಆ ತೊಂದರೆಯಿಲ್ಲ. ಒಂದು ಎಚ್ಚರಿಕೆ: ಲೇಸರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಸಿಕ್ಕಿಸಬೇಡಿ. ಟೋನರ್ ಕರಗಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ, ಯುಪಿಎಸ್‌ಗೆ ಆ ಹೊರೆ ಹೆಚ್ಚಾಗಬಹುದು. ಗೋಡೆಯ ಸಾಕೆಟ್ಟಿಗೇ ನೇರ ಕೊಡಿ.