ಫಾರ್ಮ್ಯಾಟ್ ಮಾಡಿಸುವ ಮುನ್ನ: ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿಯಿದೆ. ಬಿಲ್ಲು, ಲೆಕ್ಕಪತ್ರಗಳೆಲ್ಲ ಎಂಟು ವರ್ಷ ಹಳೆಯದಾದ ಒಂದೇ ಡೆಸ್ಕ್‌ಟಾಪಿನಲ್ಲಿವೆ. ಬೆಳಿಗ್ಗೆ ಸ್ವಿಚ್ ಹಾಕಿ, ಹೋಗಿ ಕಾಫಿ ಕುಡಿದು ಬಂದರೂ ಅದು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕೆನ್ನುತ್ತಾರೆ. ಮಗ ಕ್ಲೀನರ್ ತಂತ್ರಾಂಶವೊಂದನ್ನು ಕೊಳ್ಳೋಣ ಎನ್ನುತ್ತಾನೆ. ಯಾವುದು ಸರಿ?
— ಓದುಗರು, ತಿಪಟೂರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ತಡವಾಗುತ್ತಿರುವುದು ಯಾವ ಭಾಗದಿಂದ ಎಂದು ತಿಳಿಯದೆ ಮಾಡಿದ ಖರ್ಚು ಬಹುಪಾಲು ದಂಡ. ನಾಳೆ ಬೆಳಿಗ್ಗೆ ಯಂತ್ರ ಚಾಲೂ ಆದೊಡನೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್‌ಗಳಿಗೆ ಒಂದೊಂದು ರೇಖೆ ಓಡುತ್ತಿರುತ್ತದೆ. ಸಿಪಿಯು ಆರಾಮವಾಗಿದ್ದು, ಡಿಸ್ಕ್ ಮಾತ್ರ ನಿಮಿಷಗಟ್ಟಲೆ ಶೇಕಡಾ 100ರಲ್ಲೇ ನಿಂತಿದ್ದರೆ ಕಾರಣ ಹಾರ್ಡ್ ಡಿಸ್ಕ್. ಎಂಟು ವರ್ಷದ ಯಂತ್ರವೆಂದರೆ ಹೆಚ್ಚಾಗಿ ಹೀಗೇ ಇರುತ್ತದೆ.

ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯೂ ಅದರ ಮೇಲೆ ಅತ್ತಿತ್ತ ಓಡಾಡಿ ಓದುವ ತಲೆಯೂ ಇರುತ್ತವೆ. ಮಂಡಿಯಲ್ಲಿ ಒಬ್ಬನೇ ಹಮಾಲಿಯಿದ್ದು, ಐವತ್ತು ಮಂದಿ ಏಕಕಾಲಕ್ಕೆ ಬೇರೆ ಬೇರೆ ಮೂಲೆಯ ಚೀಲ ಕೇಳಿದರೆ ಅವನ ಹೊತ್ತೆಲ್ಲ ನಡೆದಾಟದಲ್ಲೇ ಕಳೆಯುತ್ತದೆ. ಯಂತ್ರ ಚಾಲೂ ಆಗುವಾಗ ಹತ್ತಾರು ಪ್ರೋಗ್ರಾಮುಗಳು ಸಣ್ಣಪುಟ್ಟ ಕಡತಗಳನ್ನು ಕೇಳಿದಾಗ ಡಿಸ್ಕಿನ ಪಾಡೂ ಅಷ್ಟೇ. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ, ಚಿಪ್ಪುಗಳಲ್ಲೇ ದತ್ತಾಂಶವಿಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಆದ್ದರಿಂದ 256 ಜಿಬಿಯ ಒಂದು ಸಾಟಾ (ಹಾರ್ಡ್ ಡಿಸ್ಕಿನ ಕೊಂಡಿಗೇ ಸೇರುವ) ಎಸ್‌ಎಸ್‌ಡಿ ಹಾಕಿಸಿ, ವಿಂಡೋಸನ್ನು ಅದಕ್ಕೆ ವರ್ಗಾಯಿಸಿದರೆ ಆಗುವ ವ್ಯತ್ಯಾಸ ಫಾರ್ಮ್ಯಾಟಿನಿಂದ ಎಂದೂ ಆಗದು. ಫಾರ್ಮ್ಯಾಟ್ ಮಾಡಿದ ಹಳೆಯ ಡಿಸ್ಕು ತಿಂಗಳೊಪ್ಪತ್ತು ಚುರುಕಾಗಿದ್ದು ಮತ್ತೆ ಮೊದಲಿನ ಹಾಡೇ ಹಾಡುತ್ತದೆ. ಮೆಮೊರಿ 4 ಜಿಬಿ ಮಾತ್ರವಿದ್ದು ಅದರ ರೇಖೆಯೂ ತುದಿ ಮುಟ್ಟುತ್ತಿದ್ದರೆ, ಅದೇ ದಿನ 8 ಜಿಬಿಗೆ ಏರಿಸಿಕೊಳ್ಳಿ.

ಖರ್ಚು ಮಾಡುವ ಮುನ್ನ ಇನ್ನೊಂದು ಲೆಕ್ಕವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ನಿಮ್ಮದು ಆ ಗಡಿಯಲ್ಲಿದೆ. ಪ್ರೊಸೆಸರಿನ ಹೆಸರು ನೋಡಿಯೇ ಮುಂದುವರಿಯಿರಿ. ಹೊಸ ಯಂತ್ರ ಕೊಳ್ಳುವುದೇ ಆದರೂ ಆ ಎಸ್‌ಎಸ್‌ಡಿ ಅದರಲ್ಲಿ ಎರಡನೆಯ ಡಿಸ್ಕಾಗಿ ಉಪಯೋಗಕ್ಕೆ ಬರುತ್ತದೆ.

ಜಾಗ ತುಂಬಿದೆಯೆಂದು ಹೇಳುವ ಆ ಕೆಂಪು ಪಟ್ಟಿಗೆ ಮದ್ದು ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಹೋದರೆ ಜಾಗ ತಿಂದಿರುವುದು ಏನೆಂದು ಕಾಣುತ್ತದೆ. ಅಲ್ಲಿನ ಟೆಂಪರರಿ ಫೈಲ್ಸ್ ಅಳಿಸಬಹುದು. ಆದರೆ ಆ ಪಟ್ಟಿಯಲ್ಲೇ ಡೌನ್‌ಲೋಡ್ಸ್ ಎಂಬ ಹೆಸರೂ ಸೇರಿರುತ್ತದೆ, ಅದಕ್ಕೆ ಮಾತ್ರ ಗುರುತು ಹಾಕಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ಚಲನ್‌ಗಳೆಲ್ಲ ಸಾಮಾನ್ಯವಾಗಿ ಇಳಿದು ಕೂತಿರುವುದು ಅಲ್ಲಿಯೇ. ಕ್ಲೀನರ್ ತಂತ್ರಾಂಶಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ: ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ದಾಖಲೆ) ತೊಳೆಯುವ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ.

ಮುಂದೆ ಫಾರ್ಮ್ಯಾಟ್ ಮಾಡಿಸಲೇಬೇಕಾಗಿ ಬಂದರೆ, ‘ಸಿ ಡ್ರೈವ್ ಒಂದೇ ಹೋಗುತ್ತೆ, ಡಿ ಡ್ರೈವ್‌ಗೆ ಏನೂ ಆಗಲ್ಲ’ ಎಂಬ ಮಾತಿಗೆ ನೆಮ್ಮದಿಪಡಬೇಡಿ. ನೀವು ಬೇರೆ ಕಡೆಗೆ ಬದಲಾಯಿಸಿರದಿದ್ದರೆ ಡೆಸ್ಕ್‌ಟಾಪ್ (ಪರದೆಯ ಮೇಲಿಟ್ಟ ಕಡತಗಳು), ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವ್‌ನಲ್ಲಿ. ಲೆಕ್ಕದ ತಂತ್ರಾಂಶದ ದತ್ತಾಂಶವೂ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ನಾನೇ ಒಮ್ಮೆ ತುಮಕೂರಿನ ಅಂಗಡಿಯೊಂದರಲ್ಲಿ ಆ ಮಾತು ನಂಬಿ, ಪರದೆಯ ಮೇಲಿಟ್ಟಿದ್ದ ಎರಡು ವರ್ಷದ ಬರಹಗಳನ್ನು ಕಳೆದುಕೊಂಡೆ. ಮೇಲಾಗಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲುಗಳಾಗಿದ್ದರೆ, ಡಿಸ್ಕು ಕೆಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ವಾರಕ್ಕೊಮ್ಮೆ ಲೆಕ್ಕದ ದತ್ತಾಂಶವನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿ, ಆ ಡಿಸ್ಕನ್ನು ಮಂಡಿಯಲ್ಲಿಡದೆ ಮನೆಗೆ ಒಯ್ಯಿರಿ.

ನೀವು ಕೇಳದ ಒಂದು ಮಾತು. ಮಂಡಿಯ ಯಂತ್ರಗಳ ಮುಚ್ಚಳ ತೆಗೆದಾಗ ಸಿಪಿಯು ಮೇಲಿನ ಲೋಹದ ಹಲ್ಲುಗಳ ನಡುವೆ ದೂಳು ಬರೀ ದೂಳಾಗಿರುವುದಿಲ್ಲ. ತೆಂಗಿನ ನಾರು ಸೇರಿ, ಕೊಬ್ಬರಿಯ ಜಿಡ್ಡಿಗೆ ಅಂಟಿ, ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಗಾಳಿಯಾಡದೆ ಬಿಸಿಯೇರಿದ ಸಿಪಿಯು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟಿನ ವೈರು ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಆ ಪದರವನ್ನು ಬಿಡಿಸಿದ ಮೇಲೆ ಬ್ಲೋವರ್ ಹಿಡಿಯಿರಿ. ಒದ್ದೆ ಬಟ್ಟೆ ಕೂಡದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹದಿನೈದು ವರ್ಷಗಳಿಂದ ಶಿರಾ ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಕೇಳಿ ಬರೆದುಕೊಂಡ ಪದಗಳನ್ನು (ಹಾಡುಗಳನ್ನು) ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿ ಇಟ್ಟಿದ್ದೇನೆ. ‘ಹೊಸದು’, ‘ಹೊಸದು 2’, ‘ಕೊನೆಯದು’, ‘ಕೊನೆಯದು ಸರಿ ಇರುವುದು’ ಎಂಬಂಥ ಹೆಸರಿನ ಕಡತಗಳು ನೂರಾರಿವೆ. ಹಾಡಿನ ಶಬ್ದವೊಂದನ್ನು ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ.
— ಓದುಗರು, ಶಿರಾ

ಉತ್ತರ: ಹೆಸರುಗಳದ್ದು ಅಭ್ಯಾಸದ ತೊಂದರೆ, ಹುಡುಕಾಟದ್ದು ಅಕ್ಷರದ ತೊಂದರೆ. ಎರಡನೆಯದನ್ನು ಮೊದಲು ನೋಡೋಣ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ ‘ಕ’ ನಿಮ್ಮ ಕಣ್ಣಿಗೆ ಮಾತ್ರ ‘ಕ’. ಕಡತದೊಳಗೆ ಅದು ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೆರೆ ಹೊತ್ತ ಎ ಅಕ್ಷರ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ನೀವು ಹುಡುಕುವಾಗ ಕೊಟ್ಟದ್ದು ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿ) ಕನ್ನಡವಾದರೆ ಕಂಪ್ಯೂಟರಿನ ಪಾಲಿಗೆ ಇವೆರಡಕ್ಕೂ ಸಂಬಂಧವೇ ಇಲ್ಲ. ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ತಪ್ಪು ನುಸುಳುವುದುಂಟು, ನಡುವೆ ಬರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುವುದೂ ಉಂಟು. ಹಾಗಾಗಿ ಮೂಲ ಕಡತಗಳನ್ನು ಅಳಿಸದೆ ‘ಮೂಲ ನುಡಿ’ ಎಂಬ ಫೋಲ್ಡರಿನಲ್ಲಿ ಕಾಯ್ದಿರಿಸಿ. ಹಟ್ಟಿಯ ಆಡುಮಾತಿನ ಪದಗಳಲ್ಲಿ ತಪ್ಪು ಯಾವುದು, ಉಚ್ಚಾರವೇ ಹಾಗಿರುವುದು ಯಾವುದು ಎಂದು ಹೇಳಬಲ್ಲವರು ನೀವೊಬ್ಬರೇ. ತಿದ್ದುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಡಿ.

ಇನ್ನು ಹೆಸರು. ವರ್ಷ, ತಿಂಗಳು, ದಿನ, ಆಮೇಲೆ ಹಟ್ಟಿ, ಆಮೇಲೆ ಪದದ ಮೊದಲ ಸೊಲ್ಲು — ಈ ಕ್ರಮವಿರಲಿ. ‘2014-03-09’ ಎಂದು ವರ್ಷದಿಂದ ಆರಂಭಿಸಿದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನದಿಂದ ಆರಂಭಿಸಿದರೆ ಎಲ್ಲ ವರ್ಷಗಳ ಒಂದನೇ ತಾರೀಖುಗಳು ಒಂದೆಡೆ ಗುಂಪಾಗುತ್ತವೆ. ಫೋಲ್ಡರಿನೊಳಗೆ ಫೋಲ್ಡರು ಎಂದು ಆಳಕ್ಕೆ ಇಳಿಯಬೇಡಿ, ಎರಡು ಮಟ್ಟ ಸಾಕು. ಹಳೆಯ ನೂರಾರನ್ನು ಒಂದೇ ದಿನ ಸರಿಪಡಿಸುವ ಹಟವೂ ಬೇಡ. ತೆರೆದ ಕಡತಕ್ಕೆ ಆಗಲೇ ಹೊಸ ಹೆಸರಿಡುತ್ತ ಹೋಗಿ.

ಪ್ರಶ್ನೆ: ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಮೇಲೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ಇದು ವೈರಸ್ಸೇ?
— ಓದುಗರು, ಪಾವಗಡ

ಉತ್ತರ: ಅಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಬ್ಯಾಟರಿಯೊಂದಿರುತ್ತದೆ, ಹೆಚ್ಚಾಗಿ ಸಿಆರ್ 2032. ಕರೆಂಟಿಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ, ಮತ್ತು ಅದು ತೀರಿದೆ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭದ ದಿನವೂ ಮುಗಿಯುವ ದಿನವೂ ಇರುವುದರಿಂದ, ತಾರೀಖು ತಪ್ಪಿದ ಯಂತ್ರಕ್ಕೆ ಅವೆಲ್ಲ ಅಮಾನ್ಯವಾಗಿ ಕಾಣುತ್ತವೆ. ವಾಚ್ ರಿಪೇರಿಯವರ ಬಳಿಯೂ ಈ ಬ್ಯಾಟರಿ ಸಿಗುತ್ತದೆ. ವೈರು ಕಿತ್ತು, ಪಕ್ಕದ ಸಣ್ಣ ಕೊಂಡಿಯನ್ನು ಒತ್ತಿದರೆ ಹಳೆಯದು ತಾನಾಗಿ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಕಾಣುವಂತೆ ಕೂರಿಸಿ, ದಿನಾಂಕವನ್ನು ಒಮ್ಮೆ ಸರಿಪಡಿಸಿ.