ಶಾಂತಮ್ಮ ಬರ್ತ್ 'ಏರಿದ್ದು' ಹೇಗೆ?

ನಿಮ್ಮ ಕಥೆಯನ್ನು ಈಗಿರುವಂತೆ ತೆಗೆದುಕೊಳ್ಳಲು ಆಗುವುದಿಲ್ಲ. ಸಂಭಾಷಣೆ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತೊಂದರೆ ಇರುವುದು ಶಾಂತಮ್ಮ ಎಲ್ಲಿಗಾದರೂ ಹತ್ತುವಾಗ. ಬೆಳಿಗ್ಗೆ ಲಾಲ್‌ಬಾಗ್ ಬಂಡೆಯನ್ನು 'ಕಷ್ಟಪಟ್ಟು ಏರಿದರು', ರಾತ್ರಿ ರೈಲಿನ ಮೇಲಿನ ಬರ್ತನ್ನು 'ಹೇಗೋ ಏರಿದರು'. ಇಂಗ್ಲಿಷಿನ 'ಕ್ಲ್ಯಾಂಬರ್'ಗೆ (ಕೈಕಾಲು ಊರಿ ಪರದಾಡಿ ಹತ್ತುವುದಕ್ಕೆ) ಕನ್ನಡದಲ್ಲಿ ಒಂದೇ ಪದ ಯಾವುದು ಅಂತ ಜೊತೆಗಿಟ್ಟ ಚೀಟಿಯಲ್ಲಿ ಕೇಳಿದ್ದೀರಿ. ಆ ಹುಡುಕಾಟ ಬಿಡಿ.

'ಏರು' ಗತ್ತಿನ ಮಾತು. ರಾಜ ಪಟ್ಟ ಏರುತ್ತಾನೆ, ಜ್ವರ ಏರುತ್ತದೆ, ಟೊಮೆಟೊ ಬೆಲೆ ಏರುತ್ತದೆ. ಯಾರ ಮಂಡಿಯೂ ತರಚುವುದಿಲ್ಲ. 'ಹತ್ತು' ಬಸ್ಸಿಗೂ ಮರಕ್ಕೂ ಸಲ್ಲುತ್ತದೆ, ಆದರೆ ಹತ್ತಿದ ಬಗೆ ಹೇಳುವುದಿಲ್ಲ. 'ಅಡರು' ಅಂದರೆ ಹಿಂದೆ ಹತ್ತುವುದೇ. ಇವತ್ತಿನ ಓದುಗರಿಗೆ ಅಡರುವುದು ಮೂಗಿಗೆ ವಾಸನೆ. 'ತೆವಳು' ನೆಲ ಬಿಟ್ಟು ಏಳುವುದಿಲ್ಲ.

ನಮ್ಮಲ್ಲಿ ಪರದಾಟವೆಲ್ಲ ಕೊನೆಯ ಕ್ರಿಯಾಪದಕ್ಕಿಂತ ಮುಂಚೆಯೇ ನಡೆದುಹೋಗುತ್ತದೆ: ಊರಿ, ಹಿಡಿದು, ಜಾರಿ, ಒತ್ತಿ. ಬರ್ತಿನ ಜಾಗ ಹೀಗೆ ಬರೆದು ನೋಡಿ: "ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟು, ಮೊದಲು ಹೊಟ್ಟೆಯನ್ನು ಬರ್ತಿನ ಮೇಲೆ ಒತ್ತಿ, ಆಮೇಲೆ ಒಂದೊಂದೇ ಮಂಡಿ ಎಳೆದುಕೊಂಡರು." ಹತ್ತಿದರು ಅನ್ನಬೇಕಾಗಿಯೇ ಬರಲಿಲ್ಲ. ಕೊನೆಯ ಕ್ರಿಯಾಪದಕ್ಕೆ ಮುಂಚೆ ಇಂಥವು ಮೂರು-ನಾಲ್ಕು ಸಾಕು. ಐದಾದರೆ ಏದುಸಿರು ಓದುಗರಿಗೆ. 'ಹತ್ತಿಬಿಟ್ಟರು' ಅಂತೂ ಬೇಡವೇ ಬೇಡ, ಆ 'ಬಿಡು' ಎಲ್ಲ ಪಾಡನ್ನೂ ಚಿಟಿಕೆಯಲ್ಲಿ ಮುಗಿಸುತ್ತದೆ. 'ಏಣಿ ಅಲುಗಾಡಿ ಶಾಂತಮ್ಮ ಮೇಲೆ ತಲುಪಿದರು' ಎಂದಿದ್ದೀರಿ. ಅಲುಗಾಡಿದ್ದು ಏಣಿ, ತಲುಪಿದ್ದು ಶಾಂತಮ್ಮ. ಕರ್ತೃ ಬೇರೆಯಾದಾಗ ಆ 'ಅಲುಗಾಡಿ' ಕಾರಣದ ಹಾಗೆ ಕೇಳುತ್ತದೆ, ಏಣಿಯೇ ಎತ್ತಿ ಎಸೆದಂತೆ. 'ಅಲುಗಾಡುತ್ತಿದ್ದರೂ' ಅನ್ನಿ.

ಲಾಲ್‌ಬಾಗಿನ ತಕರಾರು ಬೇರೆ. ಸುಮಾರು 300 ಕೋಟಿ ವರ್ಷದ ಆ ಬಂಡೆ ನೈಸ್ (gneiss) ಎಂಬ, ಶಾಖ ಒತ್ತಡಗಳಿಂದ ರೂಪ ಬದಲಾದ ಶಿಲೆ (ಬರೀ ಗ್ರಾನೈಟ್ ಎಂದಿದ್ದೀರಿ, ತಿದ್ದಿ), ಸವೆದು ಸಲೀಸಾದ ಇಳಿಜಾರು. ಕೆಂಪೇಗೌಡ ಗೋಪುರದವರೆಗೆ ಮಕ್ಕಳು ಓಡಿಯೇ ಹೋಗುತ್ತಾರೆ. ಶಾಂತಮ್ಮ ಅಲ್ಲಿ ನಿಂತು ನಿಂತು ನಡೆಯಲಿ, ಕೈ ಊರುವುದು ಬೇಡ. ಕೈಕಾಲು ನಾಲ್ಕೂ ಊರಿಸಲೇಬೇಕೆಂದಿದ್ದರೆ ಮಾಗಡಿ ಕಡೆಯ ಸಾವನದುರ್ಗ ಇದೆ, 1,226 ಮೀಟರ್. ಆದರೆ ಮಂಡಿನೋವಿನ ಹೆಂಗಸು ಅಲ್ಲಿಗೆ ಯಾಕೆ ಹೋದಳು ಅನ್ನುವುದಕ್ಕೆ ಇನ್ನೊಂದು ಕಥೆಯೇ ಬೇಕಾದೀತು.

ಬರ್ತಿನ ಭಾಗ ಮೊದಲು ತಿದ್ದಿ ಕಳಿಸಿ. ಬಂಡೆಯ ಪ್ರಸಂಗ ಪೂರಾ ಕಿತ್ತರೂ ನಡೆಯುತ್ತದೆ.