ಎಚ್-4 ವೀಸಾದಲ್ಲಿದ್ದು (ಅಮೆರಿಕಕ್ಕೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿ ಬಂದವರ ಸಂಗಾತಿ, ಮಕ್ಕಳಿಗೆ ಕೊಡುವ ವೀಸಾ) ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ (ಸಾಮಾನ್ಯವಾಗಿ ಎರಡು ವರ್ಷದ ಸರ್ಕಾರಿ ಕಾಲೇಜು) ಸೇರಿದರೆ ಫೀಸು ಎಷ್ಟು? ಅಲ್ಲಿ ಸಹಾಯ ಮಾಡೋರು ಯಾರು?

ಎಲ್ಲ ನಿಂತಿರುವುದು ‘ರೆಸಿಡೆಂಟ್’ ಅನ್ನುವ ಒಂದೇ ಪದದ ಮೇಲೆ. ರಾಜ್ಯದ ನಿವಾಸಿಗೆ ಸೆಮಿಸ್ಟರ್ ಕಾಲೇಜಿನಲ್ಲಿ (ಕೋರ್ಸಿನ ಪ್ರಮಾಣ ಅಳೆಯುವ) ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಇದೇ ದರ. 12 ಯೂನಿಟ್ ತಗೊಂಡರೆ 552 ಡಾಲರ್. ಹೊರಗಿನವರಿಗೆ ಇದರ ಹಲವು ಪಟ್ಟು.

ಎಚ್-4 ಇದ್ದವರು ರೆಸಿಡೆಂಟ್ ಆಗಬಹುದು. ಎಫ್-1 (ವಿದ್ಯಾರ್ಥಿ ವೀಸಾ) ಇದ್ದವರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಟರ್ಮ್ ಶುರುವಾಗುವ ಮುಂಚೆ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ವಾಸವಿದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶವನ್ನೂ ತೋರಿಸಬೇಕು. ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ಪತ್ರ ಜೋಪಾನವಾಗಿಡಿ. ಎಷ್ಟೋ ಮನೆಗಳಲ್ಲಿ ಎಲ್ಲ ಕಾಗದವೂ ಗಂಡನ ಹೆಸರಲ್ಲೇ ಇರುತ್ತದೆ, ಅಲ್ವಾ? ಈಗಲೇ ನಿಮ್ಮ ಹೆಸರನ್ನೂ ಸೇರಿಸಿ.

ಫೆಡರಲ್ (ಕೇಂದ್ರ) ಸರ್ಕಾರದ ನೆರವಾದ ಪೆಲ್ ಗ್ರಾಂಟ್ ಎಚ್-4ಗೆ ಸಿಗುವುದಿಲ್ಲ. ಸುಮ್ನೆ ಅದರ ಅರ್ಜಿ ತುಂಬುತ್ತಾ ಕೂರಬೇಡಿ.

ಸಹಾಯಕ್ಕೆ ಮೊದಲು ಕೌನ್ಸೆಲರ್ ಹತ್ತಿರ ಹೋಗಿ. ಇದು ಮನಸ್ಸಿನ ಸಮಸ್ಯೆಗೆ ಅಂತ ನಮ್ಮವರು ಹಿಂಜರಿಯುತ್ತಾರೆ. ಇಲ್ಲಿ ಅವರ ಮುಖ್ಯ ಕೆಲಸ ಯಾವ ಕೋರ್ಸ್, ಯಾವ ಕ್ರಮದಲ್ಲಿ ಅಂತ ಯೋಜನೆ ಹಾಕಿಕೊಡುವುದು. ಇದಕ್ಕೆ ಬೇರೆ ಫೀಸು ಕೊಡಬೇಕಾಗಿಲ್ಲ. ಮುಂದೆ ಯೂನಿವರ್ಸಿಟಿಗೆ ಹೋಗುವ ಯೋಚನೆ ಇದ್ದರೆ ‘ಅಸಿಸ್ಟ್’ ಜಾಲತಾಣದಲ್ಲಿ ಯಾವ ಕೋರ್ಸ್ ಎಲ್ಲಿ ಒಪ್ಪುತ್ತಾರೆ ಅಂತ ನೋಡಿಕೊಂಡು ಕೌನ್ಸೆಲರ್ ಹತ್ತಿರ ಹೋಗಿ. ಟ್ಯೂಟರಿಂಗ್ ಕೂಡ ಸಾಮಾನ್ಯವಾಗಿ ಉಚಿತ.

ಕ್ಲಾಸ್ ಬಿಡುವುದಾದರೆ ರೀಫಂಡ್ ಗಡುವಿನೊಳಗೆ ನೀವೇ ಡ್ರಾಪ್ ಮಾಡಿ (ಕ್ಲಾಸಿನಿಂದ ಹೆಸರು ತೆಗೆಸಿ). ಬರೀ ಹೋಗದೆ ಇದ್ದರೆ ಬಿಲ್ಲು ಹಾಗೇ ಉಳಿಯಬಹುದು.